ಬೇಡವಾದ ಗೋಲಿನ ಬಿಲ್ಲೆ

ಡಾರ್ಸಿ ವೊಲೊಶಿನ್ ತನ್ನ ಆಟದ ಬದುಕಿನ ಕೊನೆಯ ಗೋಲು ಹೊಡೆದಾಗ ಅವನ ಸ್ವಂತ ಊರಿನವರೇ ಛೀ ಥೂ ಎಂದು ಕೂಗಿದರು. ವಿಲೋ ಬೆಂಡ್ ಊರಿನಲ್ಲಿ ಆ ಚಳಿಗಾಲ ಇದಕ್ಕಿಂತ ಸೋಜಿಗದ ಸಂಗತಿ ಮತ್ತೊಂದು ನಡೆಯಲಿಲ್ಲ. ಹದಿನಾರು ವರ್ಷ ಬ್ಯಾಜರ್ಸ್ ಐಸ್ ಹಾಕಿ ತಂಡದ ಹಿಂದಿನ ಸಾಲಿನಲ್ಲಿ ನಿಂತವನು ಅವನು. ಹಾರಿ ಬರುವ ರಬ್ಬರ್ ಬಿಲ್ಲೆಗೆ ಮೈಯೊಡ್ಡಿ, ನಾಲ್ಕು ಹಲ್ಲುಗಳನ್ನು ಮಂಜುಗಡ್ಡೆಯ ಮೇಲೇ ಬಿಟ್ಟು ಬಂದವನು. ಗೋಲು ಹೊಡೆಯುವುದು ಅವನ ಕೆಲಸವೇ ಅಲ್ಲ. ಅಂಥವನು ಋತುವಿನ ಕೊನೆಯ ಆಟದ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ತಂಡವನ್ನು ಗೆಲ್ಲಿಸಿದ. ಊರಿಗೆ ಬೇಕಿದ್ದದ್ದು ಸೋಲು.

ಸೋಲು ಏಕೆ ಬೇಕಿತ್ತೆಂದರೆ, ಅಲ್ಲಿಯ ನಿಯಮವೇ ಹಾಗೆ. ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ ಮೇ ತಿಂಗಳ ಲಾಟರಿಯಲ್ಲಿ ಎಲ್ಲರಿಗಿಂತ ಹೆಚ್ಚು ಅವಕಾಶ. ಲಾಟರಿ ಗೆದ್ದವರಿಗೆ ಆ ವರ್ಷದ ಹೊಸ ಹುಡುಗರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕು. ಈ ಸಲದ ಮೊದಲನೆಯವನು ಥೇರಿಯೋ ಎಂಬ ಕ್ವಿಬೆಕ್ಕಿನ ಹುಡುಗ. ಅವನು ಸ್ಕೇಟು ಕಟ್ಟಿ ಇಳಿದರೆ ಎದುರಾಳಿಗಳು ಆಟ ಬಿಟ್ಟು ನೋಡುತ್ತಾ ನಿಲ್ಲುತ್ತಾರೆ ಎಂದು ಪತ್ರಿಕೆಗಳು ಬರೆದಿದ್ದವು. ಅವನಿಗಾಗಿಯೇ ತಂಡದ ಜನರಲ್ ಮ್ಯಾನೇಜರ್ ಲೋರ್ನ್ ಫ್ರೀಸನ್ ಫೆಬ್ರವರಿಯಲ್ಲಿ ಒಳ್ಳೆಯ ಆಟಗಾರರನ್ನೆಲ್ಲ ಬೇರೆ ಊರುಗಳಿಗೆ ದಾಟಿಸಿದ್ದ. ಸೋಲಿರಿ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಗೆಲ್ಲಿರಿ ಎಂದೂ ಹೇಳಲಿಲ್ಲ. ಊರು ಅರ್ಥ ಮಾಡಿಕೊಂಡಿತು. ಮಾರ್ಚಿನ ಹೊತ್ತಿಗೆ ಜನ ಟಿಕೆಟ್ ಕೊಂಡು ಬಂದು ಎದುರು ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ದುಡ್ಡು ಕೊಟ್ಟು ಬೆನ್ನಿಗೆ ಹೊಡೆಸಿಕೊಳ್ಳುವುದೆಂದರೆ ಇದೇ.

ಡಾರ್ಸಿಯ ಆ ಒಂದು ಗೋಲಿನಿಂದ ಬ್ಯಾಜರ್ಸ್ ಕೊನೆಯ ಜಾಗದಿಂದ ಒಂದು ಮೆಟ್ಟಿಲು ಮೇಲೇರಿದರು. ಕೊನೆಯ ಜಾಗ ದಕ್ಷಿಣದ ಮರಳುಗಾಡಿನ ತಂಡವೊಂದರ ಪಾಲಾಯಿತು. ಆ ಊರಿನ ಮಕ್ಕಳು ಮಂಜನ್ನು ಕಂಡಿದ್ದರೆ ಶರಬತ್ತಿನ ಲೋಟದಲ್ಲಿ ಕಂಡಿರಬೇಕು.

"ಬೇಕೂಂತ ಹೊಡೀಲಿಲ್ಲ ಕಣ್ರೋ, ಯಾರದೋ ಸ್ಕೇಟಿಗೆ ತಾಗಿ ತಾನಾಗೇ ಒಳಗೆ ಹೋಯ್ತು," ಎಂದು ಡಾರ್ಸಿ ಕೇಳಿದವರಿಗೆಲ್ಲ ಹೇಳಿದ. ನೂರು ಬಾರಿ ಹೇಳಿದ ಮೇಲೆ ಆ ಮಾತು ಅವನ ನಾಲಿಗೆಗೇ ಸಪ್ಪೆಯಾಯಿತು.

ಅವನ ಎದೆಯಲ್ಲಿ ಎರಡು ಸಂಗತಿಗಳು ಕೊರೆಯುತ್ತಿದ್ದವು. ಒಂದು, ಬಡಾವಣೆಯ ಮಕ್ಕಳ ತಂಡದ ಕೋಚ್ ಕೆಲಸ. ಆಟ ಬಿಟ್ಟ ಮೇಲೆ ಅದು ನಿನಗೇ ಎಂದು ಊರಿನ ಮಂಜಿನಂಗಳವಾದ ರಿಂಕಿನ ಸಮಿತಿ ಕ್ರಿಸ್ಮಸ್ಸಿಗೇ ಮಾತು ಕೊಟ್ಟಿತ್ತು. ಡಾರ್ಸಿಗೂ ಅವನ ಹೆಂಡತಿ ಮಾರ್ಲಿಸ್‌ಗೂ ಇನ್ನು ಮುಂದಿನ ಬಾಳೆಲ್ಲ ಈ ಊರಿನಲ್ಲೇ. ಬೇರೆ ಕೆಲಸ ಅವನಿಗೆ ಬರದು, ಬೇಕಾಗಿಯೂ ಇರಲಿಲ್ಲ. ಗೋಲಿನ ಮಾರನೆಯ ದಿನ ಸಮಿತಿಯ ಅಧ್ಯಕ್ಷ ಎಲ್ಮರ್ ಝಕರಯಸ್ ದಾರಿಯಲ್ಲಿ ಸಿಕ್ಕಿ, ನೆಲ ನೋಡುತ್ತಾ, "ಲಾಟರಿ ಮುಗೀಲಿ ಡಾರ್ಸ್, ಆಮೇಲೆ ನೋಡೋಣ" ಎಂದು ಜಾರಿಕೊಂಡ.

ಎರಡನೆಯದು, ಬಿಲ್ಲೆ. ಆಟಗಾರನ ಮೊದಲ ಗೋಲಿನ ಬಿಲ್ಲೆಯನ್ನೂ ಕೊನೆಯ ಗೋಲಿನ ಬಿಲ್ಲೆಯನ್ನೂ ಜೊತೆಯವರು ಬಲೆಯಿಂದ ತೆಗೆದು, ಅಂಚಿಗೆ ಬಿಳಿ ಟೇಪು ಸುತ್ತಿ, ಹೆಸರು ಬರೆದು ಕೊಡುತ್ತಾರೆ. ಅದು ಕೇಳಿ ಪಡೆಯುವಂಥದ್ದಲ್ಲ. ಆ ರಾತ್ರಿ ಕೂಗಾಟದ ನಡುವೆ ಯಾರೂ ಬಲೆಯತ್ತ ಹೋಗಲಿಲ್ಲ. ಬೆಳಿಗ್ಗೆ ಡಾರ್ಸಿ ನಾಚಿಕೆ ಬಿಟ್ಟು ತಾನೇ ಹೋಗಿ ನೋಡಿದರೆ ಬಲೆ ಖಾಲಿ. ಯಾರು ತೆಗೆದರು? ಸಿಟ್ಟಿನಲ್ಲಿ ಯಾರಾದರೂ ಒಲೆಗೆ ಹಾಕಿದರೇ? ಹಲ್ಲುಜ್ಜುವಾಗ, ಗಾಡಿ ಓಡಿಸುವಾಗ, ಮಾರ್ಲಿಸ್ ಮಾತಾಡುತ್ತಿರುವಾಗಲೂ ಅವನ ತಲೆಯಲ್ಲಿ ಇದೇ ತಿರುಗುತ್ತಿತ್ತು.

ಲೋರ್ನ್ ಫ್ರೀಸನ್ನನ ಬಾಯಿಂದಂತೂ ಒಂದು ಮಾತಿಲ್ಲ. ಡಾರ್ಸಿ ಹತ್ತೊಂಬತ್ತರ ಹುಡುಗನಾಗಿ ಬಂದಾಗ ಇದೇ ಲೋರ್ನ್ ಅವನ ಕೋಚು. ಬೈದು ಬೆಳೆಸಿದವನು. ಈಗ ಎದುರಾದರೆ ತಲೆಯಾಡಿಸಿ, ಕುಂಟುತ್ತಾ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಕುಂಟು ಇತ್ತೀಚಿನದು. ಕೀಲುವಾತ ಎಂದು ಕಾಫಿ ಅಂಗಡಿಯ ಪಂಡಿತರು ತೀರ್ಮಾನ ಕೊಟ್ಟಿದ್ದರು.

ಲಾಟರಿಯ ಸಂಜೆ ರಿಂಕಿನ ಹಜಾರದಲ್ಲಿ ಊರೂಟ. ಡಾರ್ಸಿ ಬರಲೊಲ್ಲೆ ಎಂದ. ಮಾರ್ಲಿಸ್ ಪೆರೋಗಿ ಎಂಬ ಆಲೂಗಡ್ಡೆ ಕಡುಬು ತುಂಬಿದ ಪಾತ್ರೆಯನ್ನು ಅವನ ಕೈಗೆ ತುರುಕಿದಳು.

"ಮನೇಲಿ ಅಡಗಿ ಕೂತ್ರೆ ತಪ್ಪು ಮಾಡಿದೋನ ಥರ ಕಾಣ್ತೀಯ. ನಡಿ. ಗೋಲು ಹೊಡ್ದಿದೀಯ, ಬ್ಯಾಂಕ್ ಹೊಡ್ದಿಲ್ಲ."

"ಬ್ಯಾಂಕ್ ಹೊಡ್ದಿದ್ರೆ ಕ್ಷಮಿಸ್ತಿದ್ರು ಕಣೇ."

ಹಜಾರದಲ್ಲಿ ಅವನಿಗೆ ಜಾಗ ಬಿಟ್ಟರು. ಸ್ವಲ್ಪ ಹೆಚ್ಚೇ ಜಾಗ ಬಿಟ್ಟರು. ಎಲೆಕೋಸಿನ ಸುರುಳಿ, ಪೆರೋಗಿ, ಬೆರ್ರಿ ಕಡುಬುಗಳ ಮೇಜಿನಾಚೆ ಗೋಡೆಯ ಮೇಲೆ ದೊಡ್ಡ ಟಿವಿ. ಟಿವಿಯಲ್ಲಿ ತಂಡಗಳ ಪ್ರತಿನಿಧಿಗಳು ಮದುವೆಮನೆಯ ಬೀಗರಂತೆ ಸಾಲಾಗಿ ಕೂತಿದ್ದರು. ನಿರೂಪಕಿ ಒಬ್ಬೊಬ್ಬರ ಬಳಿ ಹೋಗಿ ಅದೃಷ್ಟಕ್ಕೆ ಏನು ತಂದಿದ್ದೀರಿ ಎಂದು ಕೇಳುತ್ತಿದ್ದಳು. ಒಬ್ಬ ಮಗಳ ಗೊಂಬೆ ತೋರಿಸಿದ. ಇನ್ನೊಬ್ಬ ಕುದುರೆ ಲಾಳ ತೋರಿಸಿದ. ಲೋರ್ನನ ಬಲಗೈ ಮಾತ್ರ ಕೋಟಿನ ಜೇಬಿನಲ್ಲಿತ್ತು.

"ಜೇಬಲ್ಲೇನಿದೆ ಫ್ರೀಸನ್ ಅವರೇ?"

"ಕೈ ಇದೆ," ಎಂದ ಲೋರ್ನ್.

ಹಜಾರ ನಕ್ಕಿತು. ಡಾರ್ಸಿ ನಗಲಿಲ್ಲ. ಮುಷ್ಟಿಯಲ್ಲಿ ಏನೋ ಇದೆ, ಜೇಬು ಉಬ್ಬಿದೆ. ಲೋರ್ನನ ಅದೃಷ್ಟದ ವಸ್ತು ಯಾವುದೆಂದು ಈ ಹಜಾರದಲ್ಲಿ ಡಾರ್ಸಿಯೊಬ್ಬನಿಗೇ ಗೊತ್ತಿತ್ತು. ಎಡ ಮಣಿಕಟ್ಟಿಗೆ, ಅಂಗಿಯ ತೋಳಿನೊಳಗೆ ಯಾರಿಗೂ ಕಾಣದಂತೆ ಕಟ್ಟಿದ ಹಳದಿ ಸ್ಕೇಟು ದಾರ. ತೀರಿಕೊಂಡ ಹೆಂಡತಿಯದು. ಹುಡುಗನಾಗಿದ್ದಾಗ ಡಾರ್ಸಿ ಒಮ್ಮೆ ಶೂ ಒಳಗೆ ಅಜ್ಜಿ ಕೊಟ್ಟ ನಾಣ್ಯ, ಕೈಗವಸಿನೊಳಗೆ ಪಾದ್ರಿ ಕೊಟ್ಟ ಪದಕ, ಎರಡನ್ನೂ ಇಟ್ಟುಕೊಂಡು ಆಡಲು ಬಂದಿದ್ದ. ಲೋರ್ನ್ ತೋಳು ಮಡಚಿ ದಾರ ತೋರಿಸಿ ಉಗಿದಿದ್ದ: "ಒಬ್ಬನಿಗೆ ಒಂದೇ ಕಣೋ ಪೆದ್ದ. ಎರಡಿಟ್ಕೊಂಡ್ರೆ ಒಂದನ್ನೊಂದು ತಿಂದ್ಹಾಕ್ತವೆ. ಇಬ್ರು ಹೆಂಡ್ರ ಗಂಡಂಗೆ ಎರಡು ಮನೇಲೂ ಊಟ ಇಲ್ಲ." ಅಂದಿನಿಂದ ನಾಣ್ಯ ಉಳಿಯಿತು, ಪದಕ ಪೆಟ್ಟಿಗೆ ಸೇರಿತು. ಹಾಗಿದ್ದ ಮೇಲೆ ಈ ಜೇಬಿನಲ್ಲಿರುವುದೇನು?

ಗಾಜಿನ ಡಬ್ಬಿಯಲ್ಲಿ ಅಂಕಿ ಬರೆದ ಚೆಂಡುಗಳು ಕುಣಿದವು. ಒಂದೊಂದಾಗಿ ಮೇಲೆ ಬಂದವು. ನಿರೂಪಕಿ ಹಾಳೆ ನೋಡಿ ಗೆದ್ದ ತಂಡದ ಹೆಸರು ಓದಿದಳು. ಮರಳುಗಾಡಿನವರು. ಬ್ಯಾಜರ್ಸ್ ಜಾರಿ ಜಾರಿ ನಾಲ್ಕನೆಯ ಜಾಗಕ್ಕೆ ಬಿದ್ದರು.

ಕೊನೆಯ ಜಾಗದಲ್ಲಿದ್ದವರಿಗೇ ಗೆಲುವು ಬಂದಿದೆ, ಕೊನೆಯ ಜಾಗದಲ್ಲಿ ತಾವೇ ಇರಬೇಕಿತ್ತು. ಈ ಲೆಕ್ಕ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಲೆಗಳು ಒಂದೊಂದಾಗಿ ಡಾರ್ಸಿಯ ಕಡೆ ತಿರುಗಿದವು. ಮಾರ್ಲಿಸ್ ಮೇಜಿನ ಕೆಳಗೆ ಅವನ ಕೈ ಹಿಡಿದಳು. ಕೋಚ್ ಕೆಲಸ ಹೋಯಿತು ಎಂದು ಡಾರ್ಸಿಗೆ ಆಗಲೇ ತಿಳಿಯಿತು. ಕೆಲಸವಷ್ಟೇ ಅಲ್ಲ, ಈ ಊರಿನಲ್ಲಿ ತಲೆಯೆತ್ತಿ ಬ್ರೆಡ್ಡು ಕೊಳ್ಳುವುದೂ ಹೋಯಿತು.

ಟಿವಿಯಲ್ಲಿ ವರದಿಗಾರನೊಬ್ಬ ಲೋರ್ನನ ಮುಖಕ್ಕೇ ಮೈಕು ಹಿಡಿದ. "ವೊಲೊಶಿನ್ ಆ ಗೋಲು ಹೊಡೆಯದೇ ಇದ್ದಿದ್ರೆ ಥೇರಿಯೋ ಇವತ್ತು ನಿಮ್ಮವನು. ಏನಂತೀರಿ?"

ಇಂಥ ಹೊತ್ತಿನಲ್ಲಿ ಮ್ಯಾನೇಜರುಗಳು ಹೇಳುವ ಮಾತು ಎಲ್ಲರಿಗೂ ಬಾಯಿಪಾಠ. ನಿರಾಸೆಯಾಗಿದೆ, ನಾಲ್ಕನೆಯವನೂ ಒಳ್ಳೆಯವನೇ, ಮುಂದೆ ನೋಡುತ್ತೇವೆ. ಹಾಗೆ ಅಂದು ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟರೆ ಸಾಕು, ಊರು ಉಳಿದದ್ದನ್ನು ಮಾಡಿಕೊಳ್ಳುತ್ತದೆ.

"ಗೋಲಿಗೂ ಇದಕ್ಕೂ ಏನಯ್ಯಾ ಸಂಬಂಧ?" ಎಂದ ಲೋರ್ನ್. "ನಮಗೂ ಅವಕಾಶ ಇತ್ತು. ಕೆಡಿಸಿದ್ದು ನಾನು." ಜೇಬಿನಿಂದ ಕೈ ತೆಗೆದ. ಅಂಚಿಗೆ ಬಿಳಿ ಟೇಪು ಸುತ್ತಿದ ಕಪ್ಪು ಬಿಲ್ಲೆ. "ಇದು ಅದೇ ಗೋಲಿಂದು. ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಅಂತ ಅದೃಷ್ಟಕ್ಕೆ ಇದನ್ನೇ ಇಟ್ಕೊಂಡು ಬಂದೆ. ಅವನನ್ನ ಕೇಳ್ಲಿಲ್ಲ. ಇನ್ನೊಬ್ಬನ ಬಿಲ್ಲೆ, ಕೇಳ್ದೆ ತಗೊಂಡೆ. ಬುದ್ಧಿ ಇರೋ ಯಾವನೂ ಹಾಗೆ ಮಾಡಲ್ಲ."

ಹಜಾರ ಹಾವು ಮೆಟ್ಟಿದಂತೆ ಬೆಚ್ಚಿತು.

"ಇನ್ನೊಬ್ಬನ ಬಿಲ್ಲೇನಾ? ಕೇಳ್ದೇನಾ?" ಎಂದು ಎಲ್ಮರ್ ಕುರ್ಚಿಯಿಂದ ಎದ್ದೇಬಿಟ್ಟ. "ಅದಕ್ಕೇ ಮತ್ತೆ! ಅಪಶಕುನ ಜೇಬಲ್ಲಿಟ್ಕೊಂಡು ಹೋದ್ರೆ ಇನ್ನೇನಾಗುತ್ತೆ?"

"ಅರವತ್ತು ದಾಟಿದ ಗಂಡಸಿಗೆ ಅಷ್ಟೂ ತಿಳೀಬಾರ್ದಾ?" ಎಂದಳು ಬೆರ್ರಿ ಕಡುಬು ಹಂಚುತ್ತಿದ್ದ ಅಜ್ಜಿ.

ಒಂದು ಕಡುಬು ತಿಂದು ಮುಗಿಸುವಷ್ಟರಲ್ಲಿ ಊರಿನ ಸಿಟ್ಟು ಮನೆ ಬದಲಿಸಿತ್ತು. ವಿದ್ಯಾವಂತರು, ಬ್ಯಾಂಕಿನವರು, ಶಾಲೆಯ ಹೆಡ್ಮಾಸ್ತರು ಎಲ್ಲರೂ ಆ ಮಾತನ್ನು ನಂಬಿದರು. ಚೆಂಡಿಗೂ ಬಿಲ್ಲೆಗೂ ಏನು ನಂಟು ಎಂದು ಒಬ್ಬನೂ ಕೇಳಲಿಲ್ಲ. ಎಲ್ಮರ್ ಬಂದು ಡಾರ್ಸಿಯ ಬೆನ್ನು ತಟ್ಟಿದ.

"ಪಾಪ, ನಿನ್ನ ಬಿಲ್ಲೇನೇ ಹೊಡ್ಕೊಂಡಿದಾನಲ್ಲೋ! ಶನಿವಾರ ಬಾ, ಮಕ್ಕಳ ಪಟ್ಟಿ ಕೊಡ್ತೀನಿ. ನೀನಲ್ದೆ ಇನ್ಯಾರು ಕೋಚು?"

ಡಾರ್ಸಿಗೆ ಅದು ಅರ್ಧ ಕೇಳಿಸಿತು. ಅವನ ಕಣ್ಣು ಟಿವಿಯ ಮೇಲೇ ಇತ್ತು. ಲೋರ್ನ್ ಎಡಗೈಯಿಂದ ಹಣೆ ಒರೆಸಿಕೊಂಡಾಗ ಅಂಗಿಯ ತೋಳು ಕೆಳಗೆ ಜಾರಿತ್ತು. ಮಣಿಕಟ್ಟಿನಲ್ಲಿ ಹಳದಿ ದಾರ ಇತ್ತು.

ನಾಲ್ಕು ದಿನ ಕಳೆದು ಡಾರ್ಸಿ ಲೋರ್ನನ ಮನೆಗೆ ಹೋದ. ಆ ವೇಳೆಗೆ ಊರಿನ ಹುಡುಗರು ಲೋರ್ನನ ಅಂಚೆಪೆಟ್ಟಿಗೆಯೊಳಗೆ ಹಳೆಯ ಬಿಲ್ಲೆಗಳನ್ನು ತುಂಬಿ ಹೋಗಿದ್ದರು. ತಂಡದ ಮಾಲೀಕರು ಅವನನ್ನು ಕರೆಸಿ ಮಾತಾಡಿದ್ದರು. ಲೋರ್ನ್ ಹಿತ್ತಲಿನಲ್ಲಿ ಕುಂಟುತ್ತಾ ಹಸಿ ಮಣ್ಣು ಕೆದಕುತ್ತಿದ್ದ. ಬೇಲಿಯ ನೆರಳಿನಲ್ಲಿ ಇನ್ನೂ ಒಂದು ಮುಷ್ಟಿ ಕೊಳಕು ಹಿಮ ಉಳಿದಿತ್ತು.

"ಕೆಲಸ ಹೋಯ್ತಾ?" ಎಂದ ಡಾರ್ಸಿ.

"ಹೋಯ್ತು. ಶುಕ್ರವಾರ ಹೇಳ್ತಾರಂತೆ." ಲೋರ್ನ್ ತಲೆಯೆತ್ತಲಿಲ್ಲ. "ನಿನ್ನ ಬಿಲ್ಲೆ ಒಳಗೆ ಮೇಜಿನ ಮೇಲಿದೆ, ತಗೊಂಡ್ಹೋಗು."

"ಯಾವಾಗ ತೆಗೆದ್ರಿ ಅದನ್ನ?"

"ಆವತ್ತೇ. ಜನ ಎಲ್ಲ ಹೋದ್ಮೇಲೆ ಮೇಲಿಂದ ನೋಡಿದೆ, ಬಲೇಲೇ ಬಿದ್ದಿತ್ತು. ಯಾವನೂ ತೆಗೆದಿರ್ಲಿಲ್ಲ. ಹಾಳು ಮಂದಿ. ನಾನೇ ಇಳಿದು ಹೋದೆ, ಚರ್ಮದ ಬೂಟಲ್ಲಿ. ನಲವತ್ತು ವರ್ಷ ಮಂಜಿನ ಮೇಲೇ ಬಾಳಿದೋನು, ಎರಡು ಹೆಜ್ಜೆಗೆ ಅಂಗಾತ ಬಿದ್ದೆ. ಸೊಂಟ ಇನ್ನೂ ಸರಿಹೋಗಿಲ್ಲ."

ಕೀಲುವಾತವಲ್ಲ ಅದು. ಡಾರ್ಸಿಗೆ ನಗು ಬಂತು.

"ಮತ್ತೆ ನನ್ನ ಕಂಡ್ರೆ ಯಾಕೆ ಮಾತಾಡ್ತಿರ್ಲಿಲ್ಲ?"

"ಏನಂತ ಮಾತಾಡ್ಲಿ? ಸೋತ್ರೆ ಒಳ್ಳೇದು ಅಂತ ಊರಿಗೆ ಕಲಿಸಿದ್ದು ನಾನು. ಬೈಸ್ಕೊಂಡಿದ್ದು ನೀನು. ಮುಖ ಇರ್ಲಿಲ್ಲ ಕಣೋ."

"ಟಿವೀಲಿ ಹೇಳಿದ್ದು ಸುಳ್ಳು. ನಿಮ್ಮ ಕೈಯಲ್ಲಿ ದಾರ ಇತ್ತು, ನಾನು ನೋಡ್ದೆ. ಎರಡು ಇಟ್ಕೊಳ್ಳೋ ಮನುಷ್ಯ ಅಲ್ಲ ನೀವು. ಬಿಲ್ಲೆ ತಂದಿದ್ದು ಅದೃಷ್ಟಕ್ಕಲ್ಲ."

ಲೋರ್ನ್ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. "ಯಾವ ದಾರ?"

"ನಾನು ಊರಿಗೆಲ್ಲ ಹೇಳ್ತೀನಿ."

"ಹೇಳು, ಕಾಲು ಮುರೀತೀನಿ." ಈಗ ಅವನು ತಲೆಯೆತ್ತಿದ. "ಮೂರು ವರ್ಷದಿಂದ ತಳದಲ್ಲಿರೋ ತಂಡ. ಥೇರಿಯೋ ಬಂದಿದ್ರೂ ನನ್ನ ಕಳಿಸ್ತಿದ್ರು. ಮುಂದಿನ ವಾರ ಮಗಳ ಊರಿಗೆ ಹೋಗ್ತೀನಿ. ನೀನು ಇಲ್ಲೇ ಇರೋನು. ಹೋಗೋನ ತಲೆ ಮೇಲೆ ಇನ್ನೊಂದು ಕಲ್ಲು ಬಿದ್ರೆ ಏನಾಗುತ್ತೆ? ಇರೋನ ತಲೆ ಮೇಲೆ ಬೀಳಬಾರ್ದು."

ಡಾರ್ಸಿ ಒಳಗೆ ಹೋಗಿ ಬಿಲ್ಲೆ ತಂದ. ಟೇಪಿನ ಮೇಲೆ ಲೋರ್ನನ ಓರೆಕೋರೆ ಅಕ್ಷರದಲ್ಲಿ ಅವನ ಹೆಸರು, ಆಟದ ದಿನ. ಎರಡು ಜೀವದಷ್ಟು ತೂಕವಿದ್ದಂತೆ ಅನಿಸಿತು ಅದು. ಈ ಒರಟನನ್ನು ತಬ್ಬಿಕೊಳ್ಳಬೇಕು ಅನಿಸಿತು, ಆದರೆ ಇಬ್ಬರಿಗೂ ಆ ಅಭ್ಯಾಸವಿರಲಿಲ್ಲ. ಅವನು ಗೇಟಿನವರೆಗೆ ಹೋಗಿದ್ದ.

"ಡಾರ್ಸ್," ಎಂದು ಲೋರ್ನ್ ಕೂಗಿದ. "ಒಂದೇ ಒಂದು ಕೇಳ್ಬೇಕು. ಆವತ್ತಿಂದ ನಿದ್ದೆಗೆಟ್ಟಿದೀನಿ. ಸ್ಕೇಟಿಗೆ ತಾಗಿ ತಾನಾಗೇ ಒಳಗೆ ಹೋಯ್ತು ಅಂತ ಊರಿಗೆಲ್ಲ ಹೇಳ್ತಿದೀಯಂತಲ್ಲ. ನಿಜಾನಾ?"

ಡಾರ್ಸಿ ಬೆರಳಿನಿಂದ ಟೇಪಿನ ಅಂಚು ಸವರಿದ. ನೂರು ಬಾರಿ ಹೇಳಿದ ಉತ್ತರ ಬಾಯಿಗೆ ಬಂತು. ಅದನ್ನು ನುಂಗಿಕೊಂಡ.

"ಇಲ್ಲ. ಮೂಲೆ ಖಾಲಿ ಇತ್ತು, ನೋಡಿದೆ. ನೋಡ್ಕೊಂಡೇ ಹೊಡ್ದೆ."

ಲೋರ್ನ್ ಗುದ್ದಲಿಯ ಮೇಲೆ ಎರಡೂ ಕೈಯೂರಿ ನಿಂತ. ಆ ಇಡೀ ವರ್ಷದಲ್ಲಿ ಯಾರೂ ಕಾಣದ ನಗು ಅವನ ಮುಖದ ಮೇಲೆ ಮೂಡಿತು.

"ಹಾಗಿದ್ರೆ ಸೊಂಟ ಹೋಗಿದ್ದಕ್ಕೂ ಬೇಜಾರಿಲ್ಲ," ಎಂದ. "ಹೋಗು, ಮಕ್ಕಳಿಗೂ ಅದನ್ನೇ ಕಲಿಸು."