ಕಡಿಮೆ ಸೋಡಿಯಂ ಉಪ್ಪು

ಮಗಳು ಪ್ರಯೋಗಾಲಯದಲ್ಲಿ ಕಿಡ್ನಿಯ ಜೀವಕೋಶಗಳನ್ನು ಬೆಳೆಸುತ್ತಿದ್ದಳು. ಸಾಕುತ್ತಿದ್ದಳು ಎಂದರೂ ಸರಿಯೇ, ಅಷ್ಟು ಮುದ್ದು. ಹಾರ್ಮೋನು ಬಂದು ಕೋಶದೊಳಗಿನ ಗ್ರಾಹಕಕ್ಕೆ, ಅಂದರೆ ರಿಸೆಪ್ಟರ್‌ಗೆ, ಅಂಟಿಕೊಂಡರೆ, ಕೋಶ ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳುತ್ತದೆ. ಔಷಧ ಹಾಕಿ ಆ ಗ್ರಾಹಕವನ್ನು ತಡೆದರೆ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಎಷ್ಟು ಉಳಿಯಿತೆಂದು ಅಳೆಯುವುದೇ ಅವಳ ಕೆಲಸ. ಮನೆಗೆ ಯಾರು ಬಂದರೂ ಇದನ್ನೇ ಕೊರೆಯುತ್ತಿದ್ದಳು.

ಅಮ್ಮನಿಗೆ ಬಿ.ಪಿ. ಏರಿದ್ದೇ ತಡ, ಅಡುಗೆಮನೆಯ ಉಪ್ಪನ್ನು ಹೊರಗೆ ಚೆಲ್ಲಿ, ಡಬ್ಬಿಗೆ ಕಡಿಮೆ ಸೋಡಿಯಂ ಉಪ್ಪು ತುಂಬಿದಳು. ಅದರಲ್ಲಿ ಸೋಡಿಯಂ ಬದಲು ಹಾಕುವುದು ಪೊಟ್ಯಾಸಿಯಂ. ಡಾಕ್ಟರು ಬರೆದುಕೊಟ್ಟ ಮಾತ್ರೆಗೆ ಮನೆಯಲ್ಲಿದ್ದ ಹೆಸರು ‘ಬಿ.ಪಿ. ಮಾತ್ರೆ’, ಅಷ್ಟೇ. ಅದೇ ಔಷಧವನ್ನು ಇವಳು ದಿನಾ ಬಿಳಿ ಪುಡಿಯಾಗಿ ತೂಗಿ ಕೋಶಗಳಿಗೆ ಹಾಕುತ್ತಿದ್ದಳು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹೆಸರು ಓದಲು ಮಗಳೆಂಬ ಈ ಮಹಾತಾಯಿಗೆ ಪುರುಸೊತ್ತಾಗಲಿಲ್ಲ.

ಕೆಲವು ವಾರಗಳಲ್ಲಿ ಅಮ್ಮನ ಕಾಲು ಸೋತವು. ಆಸ್ಪತ್ರೆಗೆ ಸೇರಿಸುವಾಗ ರಕ್ತದ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸುವಷ್ಟು ಏರಿತ್ತು. ಜೀವ ಉಳಿಯಿತು. ಮರುದಿನ ಡಾಕ್ಟರು ಮಂಚದ ಬಳಿ ಬಂದು, "ಮನೇಲಿ ಯಾವ ಉಪ್ಪು ಹಾಕ್ತೀರಿ?" ಎಂದರು.

ಮಗಳಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳ ಮುಖ ನೋಡಿದ ಅಮ್ಮ ತಾನೇ ಬಾಯಿ ಹಾಕಿದಳು.

"ಕಡಿಮೆ ಸೋಡಿಯಂದು, ಡಾಕ್ಟ್ರೇ. ಅಂಗಡಿಯವನು ಒಳ್ಳೇದು ಅಂದ, ನಾನೇ ತಗೊಂಡ್ ಬಂದೆ."

"ಈ ಮಾತ್ರೆ ಜೊತೆ ಅದು ವಿಷ ಕಣಮ್ಮ! ಓದಿರೋ ಮಗಳು ಮನೇಲೇ ಇದಾಳೆ. ಒಂದು ಮಾತು ಕೇಳಬಾರದಿತ್ತಾ?"

ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅಮ್ಮ ಬೈಸಿಕೊಂಡು ತಲೆ ತಗ್ಗಿಸಿದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಳಿಗೆ ಮಗಳು ಸುಮ್ಮನೆಯೂ ಇದ್ದಳು. ಆ ಗಳಿಗೆಯೇ ಅವಳಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

"ಅಮ್ಮ ಅಲ್ಲ, ಡಾಕ್ಟ್ರೇ. ತಂದಿದ್ದು ನಾನು."

"ನೀವು ಏನ್ ಕೆಲಸ ಮಾಡ್ತೀರಿ?"

ಅವಳು ಹೇಳಿದಳು. ಗ್ರಾಹಕ, ಔಷಧ, ಪೊಟ್ಯಾಸಿಯಂ, ಯಾವುದನ್ನೂ ಬಿಡಲಿಲ್ಲ. ಡಾಕ್ಟರು ಬೈಯಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿಕೊಂಡು ಮುಂದಿನ ಮಂಚಕ್ಕೆ ಹೋದರು.

"ಅಷ್ಟು ಜನರ ಮುಂದೆ ಯಾಕೇ ಹೇಳಕ್ಕೆ ಹೋದೆ?" ಅಮ್ಮ ಮಗಳ ಕೈ ಹಿಡಿದು ಪಿಸುಗುಟ್ಟಿದಳು. "ಹೋಗ್ಲಿ ಬಿಡು. ಇನ್ಮೇಲೆ ಯಾವ ಉಪ್ಪು ಹಾಕ್ಲಿ, ನೀನೇ ಹೇಳು."

"ನನ್ನ ಕೇಳಬೇಡಮ್ಮ," ಎಂದಳು ಮಗಳು. "ಡಾಕ್ಟರನ್ನ ಕೇಳು."

"ಅವರಿಗೇನು ಗೊತ್ತು," ಎಂದಳು ಅಮ್ಮ. "ಕಿಡ್ನಿ ಓದಿರೋಳು ನೀನಲ್ವಾ?"