ಓವನ್ ಬಾಗಿಲಿಗೆ ಅಂಟಿಸಿದ ಪಟ್ಟಿ

ಮೈಕ್ರೋವೇವ್ ಓವನ್ ಕೊಳ್ಳಲು ದರ್ಜಿಯಮ್ಮನ ಒಂದು ತಿಂಗಳ ಹೊಲಿಗೆಯ ದುಡಿಮೆ ಹೋಗಿತ್ತು. ಅದರ ಬಾಗಿಲಿಗೆ ಆಕೆ ಅಂಟಿಸಿದ ಪಟ್ಟಿಗೆ ಮಾತ್ರ ಕಾಸು ಖರ್ಚಾಗಲಿಲ್ಲ. ಕೋಟು ಹೊಲಿದು ಮಿಕ್ಕಿದ ದಪ್ಪ ಉಣ್ಣೆಬಟ್ಟೆ, ಲಂಗಕ್ಕೆ ಹಾಕುವ ಎಲಾಸ್ಟಿಕ್‌ನ ಒಂದು ತುಂಡು, ಅಷ್ಟೇ. ಪುಕ್ಕಟೆಯಾಗಿ ಆದ ಆ ಕೆಲಸವೇ ದುಬಾರಿಯಾಯಿತು.

ಶುರುವಾದದ್ದು ಮಗನಿಂದ. ಅವನ ಹೆಂಡತಿ ಏಳು ತಿಂಗಳ ಬಸುರಿ. ಓವನ್‌ನಿಂದ ಕಿರಣ ಸೋರಿದರೆ ಮಗುವಿಗೆ ಕೆಟ್ಟದ್ದು ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅವನು ಓವನ್ ಆಫ್ ಮಾಡಿ, ಒಳಗೆ ತನ್ನ ಫೋನ್ ಇಟ್ಟು, ಬಾಗಿಲು ಮುಚ್ಚಿ, ಹೆಂಡತಿಯ ಫೋನಿನಿಂದ ಕರೆ ಮಾಡಿದ. ಒಳಗಿನ ಫೋನು ಹೊಡೆದುಕೊಂಡಿತು.

“ನೋಡಮ್ಮ, ಸಿಗ್ನಲ್ ಒಳಗೆ ಹೋಗತ್ತೆ ಅಂದ್ರೆ ಕಿರಣ ಹೊರಗೂ ಬರತ್ತೆ.”

ಸಂದು ಕಂಡಲ್ಲಿ ಬಟ್ಟೆ ಕೊಟ್ಟು ಮುಚ್ಚುವುದು ದರ್ಜಿಯಮ್ಮನ ಕೈಗೆ ಕೂತ ಅಭ್ಯಾಸ. ಬಾಗಿಲಿನ ಒಳ ಅಂಚಿನ ಸುತ್ತ ಉಣ್ಣೆಯ ಪಟ್ಟಿ ಅಂಟಿಸಿದಳು. ಆಮೇಲೆ ಬಾಗಿಲು ಸರಿಯಾಗಿ ಕೂರಲಿಲ್ಲ, ಓವನ್ ಶುರುವಾಗಲಿಲ್ಲ. ಬಾಗಿಲಿನ ಹಿಡಿಗೆ ಎಲಾಸ್ಟಿಕ್ ಬಿಗಿದು ಓವನ್ನಿನ ಹಿಂದಕ್ಕೆ ಎಳೆದು ಕಟ್ಟಿದಳು, ಶುರುವಾಯಿತು. ಒಮ್ಮೊಮ್ಮೆ ಅದೂ ಸಾಲದೆ ಸೊಸೆ ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದು ನಿಲ್ಲುತ್ತಿದ್ದಳು.

ಹಾಗೆ ನಿಂತಿದ್ದಾಗಲೇ ಮೇಲಿನ ಮನೆಯಾಕೆ ಪ್ಯಾಂಟು ಗಿಡ್ಡ ಮಾಡಿಸಲು ಬಂದಳು. ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸುವುದು ಆಕೆಯ ಕೆಲಸ. ಇಡೀ ಕಟ್ಟಡಕ್ಕೆ ಆಕೆ ಮೀಟರಕ್ಕ.

“ಏನು ದೊಡ್ಡಮ್ಮ, ಓವನ್ನಿಗೂ ಸೊಂಟದ ಅಳತೆ ತಗೊಂಡ್ರಾ?”

“ನಿನಗೆ ನಗು. ನಮಗೆ ಮೊಮ್ಮಗುವಿನ ಚಿಂತೆ.”

ಮೀಟರಕ್ಕ ನಗು ನಿಲ್ಲಿಸಿ ಹತ್ತಿರ ಬಂದು ನೋಡಿದಳು. “ನೀನು ಈಚೆ ಬಾರಮ್ಮ ಮೊದಲು,” ಎಂದು ಸೊಸೆಯನ್ನು ಸರಿಸಿ, ಓವನ್ ಆಫ್ ಮಾಡಿ ಪ್ಲಗ್ ಕಿತ್ತಳು. ನಂತರ ಪಟ್ಟಿಗೆ ಕೈಹಾಕಿದಳು.

“ಅದನ್ನ ಕಿತ್ರೆ ಸೋರಲ್ವಾ?” ಎಂದಳು ದರ್ಜಿಯಮ್ಮ.

“ಬಟ್ಟೆ ಈ ಅಲೆಗಳನ್ನ ತಡೆಯಲ್ಲ ದೊಡ್ಡಮ್ಮ. ತಡೆಯೋದು ಲೋಹ. ಗಾಜಿನ ಹಿಂದೆ ಸಣ್ಣ ತೂತಿನ ಜಾಲರಿ ಇದೆಯಲ್ಲ, ಅದು. ಬಾಗಿಲಿನ ಅಂಚು ಚೌಕಟ್ಟಿಗೆ ಒತ್ತಿ ಕೂತ್ರೇನೇ ಕೆಲಸ ಆಗೋದು. ನೀವು ನಡುವೆ ಕೋಟಿನ ಬಟ್ಟೆ ತುರುಕಿ, ಇಲ್ಲದ ಸಂದು ಮಾಡಿದೀರಿ.”

“ಮತ್ತೆ ಫೋನು ಹೊಡ್ಕೊಂಡಿತಲ್ಲ ಅಕ್ಕ?” ಎಂದ ಮಗ.

“ಫೋನಿಗೆ ಒಂದೆಳೆ ಸಿಗ್ನಲ್ ಸಿಕ್ಕಿದ್ರೂ ಹೊಡ್ಕೊಳ್ಳತ್ತೆ. ಒಂದೆಳೆನೂ ದಾಟಬಾರದು ಅಂತ ಬಾಗಿಲು ಮಾಡಿರಲ್ಲ, ಮೈಗೆ ತಾಗುವಷ್ಟು ದಾಟಬಾರದು ಅಂತ ಮಾಡಿರ್ತಾರೆ. ಫೋನ್ ಸುಮ್ಮನಿದ್ರೂ ಓವನ್ ಸರಿ ಇದೆ ಅಂತಲ್ಲ. ಅದಕ್ಕೆ ಬೇರೆ ಮೀಟರ್ ಇದೆ.”

ದರ್ಜಿಯಮ್ಮ ಸೊಸೆಯ ಕಡೆ ನೋಡಲಿಲ್ಲ. “ಇಷ್ಟು ದಿನ ಇವಳು ಅಲ್ಲೇ ನಿಂತಿದ್ಲು. ಮಗು?”

“ಎಷ್ಟು ಸೋರ್ತಿತ್ತು ಅಂತ ಈಗ ಹೇಳಕ್ಕಾಗಲ್ಲ. ಜೋರಾಗಿ ಸೋರಿದ್ರೆ ಮೈ ಬಿಸಿಯಾಗತ್ತೆ, ಸುಡತ್ತೆ. ಓವನ್ ನಿಂತ್ರೆ ಅಲೆನೂ ನಿಲ್ಲತ್ತೆ. ಮೈಯಲ್ಲಾಗಲಿ ಊಟದಲ್ಲಾಗಲಿ ಉಳಿಯಲ್ಲ. ಕೈಗೇನಾದ್ರೂ ಬಿಸಿ ತಾಗ್ತಿತ್ತಾ?”

“ಇಲ್ಲ. ಅತ್ತೆ ಬೈಗುಳ ಮಾತ್ರ ತಾಗ್ತಿತ್ತು,” ಎಂದಳು ಸೊಸೆ.

“ಹಾಗಿದ್ರೂ ಡಾಕ್ಟರಿಗೆ ಒಂದು ಮಾತು ಹೇಳು.”

ಪಟ್ಟಿ ಕಿತ್ತಮೇಲೂ ಬಾಗಿಲಿನ ಕೆಳಮೂಲೆ ಚೌಕಟ್ಟಿಗೆ ಕೂರಲಿಲ್ಲ. ಎಲಾಸ್ಟಿಕ್ ಎಳೆತಕ್ಕೆ ಕೀಲು ಸೊಟ್ಟಗಾಗಿತ್ತು. ಮಗ ಸ್ಕ್ರೂಡ್ರೈವರ್ ತಂದ.

“ಕೆಳಗಿಡು,” ಎಂದಳು ಮೀಟರಕ್ಕ. “ಪ್ಲಗ್ ಕಿತ್ತರೂ ಇದರೊಳಗೆ ಕರೆಂಟು ಕೂತಿರತ್ತೆ, ಜೀವ ತೆಗೆಯೋ ಅಷ್ಟು. ಅಪ್ಪ ಆಗೋ ಹೊತ್ತಲ್ಲಿ ಇಂಥ ಸಾಹಸ ಬೇಡ. ಮೆಕ್ಯಾನಿಕ್ ಬರೋವರೆಗೂ ಇದನ್ನ ಮುಟ್ಟಬೇಡಿ.”

ಅಲ್ಲಿಯವರೆಗೆ ಹಾಲು ಒಲೆಯ ಮೇಲೆ ಕಾಯಿತು. ಮೆಕ್ಯಾನಿಕ್ ಬಂದು ಕೀಲು ಬದಲಿಸಿದ, ಬಾಗಿಲಿನ ಕೊಕ್ಕೆಗಳನ್ನು ನೋಡಿದ. ಒಳಗೆ ಒಂದು ಲೋಟ ನೀರಿಟ್ಟು ಓವನ್ ಓಡಿಸಿ, ಸೋರಿಕೆ ಅಳೆಯುವ ಮೀಟರನ್ನು ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಆಡಿಸಿದ. ದರ್ಜಿಯಮ್ಮ ಸೊಸೆಯನ್ನು ಹೊಲಿಗೆ ಕೋಣೆಗೆ ಕಳಿಸಿ, ತಾನು ಆ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

“ಮಿತಿಗಿಂತ ಎಷ್ಟೋ ಕೆಳಗಿದೆ ಅಮ್ಮ, ಧೈರ್ಯವಾಗಿ ಬಳಸಿ,” ಎಂದ ಅವನು.

“ಇನ್ನೊಂದು ಸಲ ಆ ಕೆಳಮೂಲೆ ನೋಡಪ್ಪ.”

ಅವನು ಇನ್ನೊಂದು ಸಲ ನೋಡಿದ. ಮೀಟರಿನ ಮುಳ್ಳು ಏಳಲಿಲ್ಲ. ಆಕೆ ಸೊಸೆಯನ್ನು ಕರೆದಳು.

ನಿಮ್ಮ ಮನೆಯಲ್ಲೂ ಓವನ್ ಇದ್ದರೆ ಇವತ್ತೇ ಪ್ಲಗ್ ಕಿತ್ತು ಬಾಗಿಲನ್ನು ಒಮ್ಮೆ ನೋಡಿ. ಸರಿಯಾಗಿ ಕೂರುತ್ತದೆಯೇ, ಕೀಲು ಸಡಿಲವೇ, ಗಾಜು ಬಿರಿದಿದೆಯೇ, ಅಂಚಿಗೆ ಜಿಡ್ಡೋ ತುಕ್ಕೋ ಹಿಡಿದಿದೆಯೇ? ಜಿಡ್ಡಾದರೆ ಒದ್ದೆ ಬಟ್ಟೆಯಿಂದ ಒರೆಸಿ. ಉಳಿದದ್ದಕ್ಕೆ ಮೆಕ್ಯಾನಿಕ್ಕನ್ನು ಕರೆಸಿ, ಮೀಟರ್ ಇದೆಯೇ ಎಂದು ಕೇಳಿಯೇ ಕರೆಸಿ. ಒಳಗೆ ಏನೂ ಇಡದೆ ಓಡಿಸಬೇಡಿ. ಬಾಗಿಲಿಗೆ ಕಟ್ಟಬೇಡಿ, ಅಂಟಿಸಬೇಡಿ, ತುರುಕಬೇಡಿ. ಅನುಮಾನವಿದ್ದರೆ ಬಳಸಬೇಡಿ.

ದರ್ಜಿಯಮ್ಮನ ಮನೆಯಲ್ಲಿ ಹೋದದ್ದು ಒಂದು ಕೀಲಿನ ಬೆಲೆ, ಮೆಕ್ಯಾನಿಕ್ಕನ ಕೂಲಿ, ಆಕೆಯ ಒಂದಿಷ್ಟು ನಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ, ಬೆಳವಣಿಗೆ ಎರಡೂ ಸರಿಯಾಗಿವೆ ಎಂದರು.