ಸುಳ್ಳು ತಂತು

ಹುಳುವಿಗೆ ರೋಗ ತಗುಲದಿರಲೆಂದು ಹೊಡೆಯುತ್ತಿದ್ದ ಈ ಫಾರ್ಮಲಿನ್ ವಾಸನೆ ಇನ್ನೂ ಹೋಗಿಲ್ಲ, ಹುಳು ಸಾಕುವುದನ್ನು ಬಿಟ್ಟು ಎಷ್ಟು ಕಾಲವಾದರೂ ಗೋಡೆ ಅದನ್ನು ಬಿಟ್ಟುಕೊಡುವುದಿಲ್ಲ, ಮೂಗಿಗೆ ಸಣ್ಣಗೆ ಚುಚ್ಚುತ್ತಲೇ ಇದೆ — ತಂಗಿಯ ಮನೆಯವರು ಕಟ್ಟಿಸಿದಾಗ ಮುಳ್ಳೂರಿಗೇ ದೊಡ್ಡ ರೇಷ್ಮೆಹುಳುವಿನ ಮನೆ ಇದು, ಈಗ ಹುಳುವಿನ ತಟ್ಟೆಗಳಿದ್ದ ಕಡೆಯೆಲ್ಲ ಹಳೇ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಾನೆ ಬಸವೇಶ, ತಂಗಿಯ ಮಗ, ಸದ್ದು ಆಚೆ ಹೋಗದಿರಲಿ ಅಂತ, ದೊಡ್ಡವ್ವಾ ಇಲ್ ಕೂತ್ಕಳಿ, ಸದ್ದು ಜಾಸ್ತಿ ಅನ್ಸುದ್ರೆ ಈ ಹತ್ತಿ ಕಿವೀಗಿಟ್ಕಳಿ ಅಂತ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ, ಹತ್ತಿಯುಂಡೆ ನನ್ನ ಅಂಗೈಯಲ್ಲೇ ಬೆವರಿಗೆ ಒದ್ದೆಯಾಗುತ್ತಿದೆ, ಅಲ್ಲಿ ನನ್ನ ಮಗಳು ಸಿಂಧು ಮೈಕಿನ ವೈರನ್ನು ಸುತ್ತುತ್ತಾಳೆ, ಬಿಚ್ಚುತ್ತಾಳೆ, ನನ್ನತ್ತ ನೋಡುವುದಿಲ್ಲ. ಕೊಳ್ಳೇಗಾಲದಿಂದ ಸ್ಕೂಟರಿನಲ್ಲಿ ಅವಳ ಹಿಂದೆ ಕೂತು ಬರುವಾಗಲೂ ಮಾತಿಲ್ಲ, ಆಡಿದ್ದರೂ ಗಾಳಿಯಲ್ಲಿ ಕೇಳುತ್ತಿರಲಿಲ್ಲ, ಅವಳದು ಪಿಸುಮಾತು ತಾನೇ, ಆರು ವರ್ಷದಿಂದ ಫ್ಯಾನು ಆರಿಸಿ, ಕುಕ್ಕರಿನ ಉರಿ ತಗ್ಗಿಸಿ, ಅವಳ ತುಟಿ ನೋಡಿಕೊಂಡು ಮಾತು ಕೇಳುವವಳು ನಾನು — ನಿನ್ನೆ ಅದೇ ಪಿಸುಮಾತಿನಲ್ಲಿ ಅಂದಳು, ಒಂದ್ಸಲ ಬಂದು ನಮ್ ಹಾಡ್ನ ಕೇಳವ್ವಾ, ಕೇಳುದ್ ಮ್ಯಾಲೂ ನೀನು ಬ್ಯಾಡ ಅಂದ್ರೆ ಬುಟ್ಬುಡ್ತೀನಿ, ನಿನ್ನಾಣೆ. ಬೇಡ ಅನ್ನಲೆಂದೇ ಬಂದಿದ್ದೇನೆ. ಆ ಒಂದು ಪದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದೆ, ಉಳಿದಿರುವ ಪಿಸುಮಾತೂ ಹೋಗಿಬಿಟ್ಟರೆ ಆಮೇಲೆ ನನ್ನ ಮನೆಯಲ್ಲಿ ಏನು ಉಳಿಯುತ್ತದೆ.

ಆ ಗಂಟಲು ನನಗೆ ಗೊತ್ತಿರುವಷ್ಟು ಅವಳಿಗೂ ಗೊತ್ತಿಲ್ಲ, ಹಾರ್ಮೋನಿಯಂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸ್ವರ ಹಾಕಿಕೊಟ್ಟು ಬೆಳೆಸಿದ್ದು, ಓಣಿಯ ಮಕ್ಕಳೆಲ್ಲ ನನ್ನ ಹತ್ತಿರ ವಚನ ಕಲಿತರು, ಗುರುಬಸಮ್ಮನ ಮನೆ ಅಂದರೆ ಹಾಡಿನ ಮನೆ ಅನ್ನುತ್ತಿದ್ದರು, ಆದರೆ ಇವಳದು ಬೇರೆ, ಯಳಂದೂರಿನ ಸ್ಪರ್ಧೆಯಲ್ಲಿ ಮೇಲಿನ ಷಡ್ಜ ಹಿಡಿದು ನಿಂತಾಗ ಹೊರಗೆ ಆಟೋದವನು ಇಂಜಿನ್ ಆರಿಸಿ ಕಿಟಕಿಗೆ ಬಂದು ನಿಂತಿದ್ದ — ಆಮೇಲೆ ಕತ್ತಿನಲ್ಲಿ ಒಂದು ಗಂಟು, ಅಡಿಕೆಯಷ್ಟು, ಥೈರಾಯ್ಡ್ ಅಂದರು, ಮೈಸೂರಿನ ಡಾಕ್ಟರು ಮೊದಲೇ ಹೇಳಿದ್ದರು, ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ, ಗಂಟು ದನಿಯ ನರವನ್ನು ಸುತ್ತಿಕೊಂಡುಬಿಟ್ಟಿದೆ ಅಮ್ಮ, ಗಂಟು ತೆಗೆಯಬೇಕಾದರೆ ನರ ಉಳಿಯುವುದಿಲ್ಲ, ಒಂದು ಕಡೆಯ ದನಿಯ ತಂತು ಅಲ್ಲಾಡುವುದು ನಿಂತುಹೋಗುತ್ತದೆ. ಜೀವ ಉಳಿಸಿ ಸಾ ಅಂದೆ ನಾನು, ಅಷ್ಟೇ ಅಂದೆ. ಉಳಿಯಿತು. ವಾರ್ಡಿನಲ್ಲಿ ಕಣ್ಣು ಬಿಟ್ಟವಳು ನನ್ನನ್ನು ನೋಡಿ ಬಾಯಿ ತೆರೆದಳು, ಬರೀ ಗಾಳಿ ಬಂತು, ಇನ್ನೊಮ್ಮೆ ತೆರೆದಳು, ಗಾಳಿ, ಆಮೇಲೆ ಆಕಡೆಗೆ ಹೊರಳಿ ಮಲಗಿದಳು. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿದೆ, ಓಣಿಯ ಮಕ್ಕಳಿಗೆ ಬರಬೇಡಿ ಅಂದೆ, ಅವಳು ಹನೂರಿನ ಡಿಟಿಪಿ ಅಂಗಡಿಗೆ ಸೇರಿದಳು, ಮದುವೆ ಕಾರ್ಡು, ತಿಥಿ ಕಾರ್ಡು, ಬೆರಳಿನ ಕೆಲಸ, ಮಾತಿನ ಹಂಗಿಲ್ಲ.

ಬಚ್ಚಲಿನಲ್ಲಿ ಮೊದಲ ಸಲ ಆ ಸದ್ದು ಕೇಳಿದ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ, ಎತ್ತೊಂದು ಒಳಗೆ ಸಿಕ್ಕಿಕೊಂಡು ಗುಟುರು ಹಾಕಿದ ಹಾಗೆ, ಪಾತ್ರೆಗಳ ಗೂಡು ಸಣ್ಣಗೆ ಗಲಗಲ ಅಂತು, ಸೌಟು ಹಿಡಿದುಕೊಂಡೇ ಓಡಿ ಬಾಗಿಲು ಬಡಿದೆ, ಸಿಂಧೂ, ಏನಾಯ್ತೇ, ಬಾಗುಲು ತಗ್ಯೇ — ತೆರೆದಳು, ಒದ್ದೆ ತಲೆ, ಸದ್ದಿಲ್ಲದ ನಗು, ಅವ್ವಾ, ದನಿ ಸಿಕ್ತು ಕಣವ್ವಾ. ಅದೂ ಒಂದು ದನಿಯೇ ಅಂತ ನಾನು ಅತ್ತುಬಿಟ್ಟೆ, ದೋಸೆ ಕರಕಲಾಯಿತು. ಮತ್ತೆ ಮೈಸೂರಿಗೆ ಎಳೆದುಕೊಂಡು ಹೋದೆ, ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಹಾಗೆ ಒಂದು ಸಲ ಕೂಗಮ್ಮ ಅಂದು, ಪರದೆ ನೋಡುತ್ತಾ ಹೇಳಿದರು, ದನಿಯ ತಂತುಗಳ ಮೇಲೆ ಇನ್ನೆರಡು ಮಡಿಕೆ ಇರುತ್ತವೆ, ಸುಳ್ಳು ತಂತು ಅನ್ನುತ್ತೇವೆ, ಮಾತಿಗೆ ಅವು ಬೇಕಾಗುವುದಿಲ್ಲ, ನಿಮ್ಮ ಮಗಳು ಅವನ್ನು ಎಬ್ಬಿಸಿಕೊಂಡಿದ್ದಾಳೆ, ನೋವಾದರೆ ಮಾತ್ರ ನಿಲ್ಲಿಸಬೇಕು ಅಂದರು. ನೋವಾದರೆ ಅವಳು ಹೇಳುತ್ತಾಳೆಯೇ, ಹೇಳುವ ಪೈಕಿಯಲ್ಲ. ಯಾರು ಕಲಿಸಿದರು ಇದನ್ನು, ಈ ಬಸವೇಶನೇ, ಗಿಟಾರು ಹಿಡಿದವನು, ಇವತ್ತು ಕಾಫಿ ಕೊಡುತ್ತಾ ನನ್ನ ಕಾಲ ಬಳಿಯೇ ಕೂತು ಶುರುಮಾಡಿದ, ದೊಡ್ಡವ್ವಾ, ಸುಮ್ನೆ ಕಿರ್ಚದು ಅಂತ ಅಂದ್ಕಬೇಡಿ, ಇದುಕ್ಕೊಂದ್ ಹುಟ್ಟದೆ, ಎಂಬತ್ತರ ದಶಕದ ಕೊನೇಲಿ ಅಮೆರಿಕದ ಫ್ಲಾರಿಡಾ ಅನ್ನೋ ಕಡೆ, ಜೌಗುನೆಲ, ಮೊಸಳೆ, ಮೈಯೆಲ್ಲಾ ಅಂಟೋ ಸೆಕೆ, ಅಲ್ಲಿ ಐಕ್ಳು ಡೆತ್ ಮೆಟಲ್ ಅಂತ ಹಾಡೋರು, ಸಾವಿನ್ ಮ್ಯಾಲೆ ಹಾಡು, ಎಷ್ಟಾಯ್ತದೋ ಅಷ್ಟು ಜೋರು, ಅಷ್ಟು ಬಿರುಸು, ಆಮೇಲೆ ಕೆಲವ್ರಿಗೆ ಬಿರುಸೊಂದೇ ಸಾಲ್ದು ಅನ್ನುಸ್ತು, ಕೂತ್ಕಂಡು ಜಾಜ್ ಕೇಳುದ್ರು, ಲೆಕ್ಕ ಕಲ್ತ್ರು, ತಾಳ ಮುರ್ದು ಬ್ಯಾರೆ ತರ ಕಟ್ಟುದ್ರು, ಕೆನಡಾದವ್ರು ಇನ್ನೂ ಸಿಕ್ಕುಸಿಕ್ಕು ಮಾಡುದ್ರು, ಅದೇ ಟೆಕ್ನಿಕಲ್ ಡೆತ್ ಮೆಟಲ್, ಈಗ ಮುಳ್ಳೂರ್‌ಗೂ ಬಂದದೆ. ಸಾವು ಅಂತ ಯಾಕ್ಲಾ ಎಸ್ರು, ಒಳ್ಳೇದೇನೂ ಸಿಗ್ಲಿಲ್ವಾ ಅಂದೆ. ಸಿಂಧು ಯಾಕೋ ನಕ್ಕಳು, ಪಿಸುಗುಟ್ಟಿದಳು, ಸಾವ್ನ ನಾನ್ ನೋಡ್ಕಂಡ್ ಬಂದಿವ್ನಲ್ಲವ್ವಾ. ನಾನು ಕಾಫಿ ಲೋಟ ಕೆಳಗಿಟ್ಟೆ.

ಡ್ರಮ್ಮಿನ ಹಿಂದಿರುವವನು ಮಣಿಕಂಠ, ಮಾರ್ಟಳ್ಳಿಯವನು, ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಾನಂತೆ, ಅಮ್ಮಾ ಸ್ಟಾರ್ಟ್ ಮಾಡ್ಲಾ ಅಂತ ನನ್ನನ್ನೇ ಕೇಳಿದ, ಕೋಲಿಗೆ ಕೋಲು ತಟ್ಟಿದ, ಅಷ್ಟೇ — ಶಿವನೇ — ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ, ಅಲ್ಲ, ಆಲಿಕಲ್ಲಿಗೆ ಲೆಕ್ಕವಿಲ್ಲ, ಇದಕ್ಕಿದೆ, ಎರಡು ಕಾಲು ಎರಡು ಪೆಡಲು, ಕಾಲುಗಳದೊಂದು ಮಾತು, ಕೈಗಳದು ಇನ್ನೊಂದು, ನನ್ನ ಬೆರಳು ತಾವಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತಿವೆ, ಏಳು, ಹೌದು ಮಿಶ್ರಚಾಪು, ಸಿಕ್ಕಿತು ಅನ್ನುವಷ್ಟರಲ್ಲಿ ಐದಕ್ಕೆ ಹೊರಳಿತು, ಮತ್ತೆ ಏಳು, ಆಮೇಲೆ ಯಾವುದೋ ಒಂದು, ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ, ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು, ಬಸವೇಶನ ಬೆರಳುಗಳು ಗಿಟಾರಿನ ಕತ್ತಿನುದ್ದಕ್ಕೂ ಹರಿದು ಹತ್ತಿ ಹಾರಿ ಇಳಿದು ಡ್ರಮ್ಮು ನಿಂತ ಕಡೆಯೇ ನಿಲ್ಲುತ್ತವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಮೂಲೆಯಲ್ಲಿ ಬಿಳಿಗಿರಿ ಬೆಟ್ಟದ ಸೋಮಣ್ಣ, ಅವನ ದಪ್ಪ ತಂತಿಯ ಗಿಟಾರಿನ ಕತ್ತಿನಲ್ಲಿ ವೀಣೆಯಂಥ ಮೆಟ್ಟಿಲುಗಳೇ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುತ್ತಾನೆ, ಅದು ಗಮಕ, ಅಷ್ಟು ಗದ್ದಲದ ಒಳಗೆ ಕೂತು ಯಾರೋ ಒಬ್ಬರು ಮೆಲ್ಲಗೆ ಗಮಕ ಹಾಡುತ್ತಿದ್ದಾರೆ, ಇದನ್ನೆಲ್ಲ ಎಲ್ಲಿ ಕಲಿತರು ಈ ಮಕ್ಕಳು, ಯಾವಾಗ ಕಲಿತರು, ಮತ್ತೆ ಸಿಂಧು ಬಾಯಿ ತೆರೆದಳು, ನನ್ನ ಕಣ್ಣು ಮುಚ್ಚಿಕೊಂಡವು, ಅದು ಬಾಯಿಂದ ಬರುವ ಸದ್ದಲ್ಲ, ನೆಲದ ಕೆಳಗಿನ ಯಾವುದೋ ಬಾವಿಯಿಂದ, ಬಂಡೆಯ ಅಡಿಯಿಂದ, ಕುರ್ಚಿಯ ಕಾಲಿನಿಂದ ನನ್ನ ಬೆನ್ನುಮೂಳೆಗೆ ಹತ್ತಿ ಬರುತ್ತಿದೆ — ತಟ್ಟನೆ ನಿಂತಿತು. ಮಣಿಕಂಠ ತಲೆ ತಗ್ಗಿಸಿದ, ಸಾರಿಮ್ಮಾ, ಕಾಲು ತಪ್ಪೋಯ್ತು. ಫಾರ್ಮಲಿನ್ ವಾಸನೆ, ಆಚೆ ಎಲ್ಲೋ ಟ್ರ್ಯಾಕ್ಟರು. ಸಿಂಧು ಈಗ ನನ್ನನ್ನು ನೋಡಿದಳು, ಮೊದಲ ಸಲ, ನೆಟ್ಟಗೆ, ಬೇಡ ಅನ್ನುತ್ತೀಯಾ ಎಂಬ ಕಣ್ಣು, ಕೇಳಿದ್ದಾಯಿತಲ್ಲ, ಒಂದು ಸಲ ಅಂದರೆ ಒಂದು ಸಲ, ಮಾತಿಗೆ ತಪ್ಪುವವಳಲ್ಲ, ನಾನು ಬೇಡ ಅಂದರೆ ಮೈಕು ಇಡುತ್ತಾಳೆ, ನಾಳೆ ಹನೂರಿನ ಬಸ್ಸು ಹತ್ತುತ್ತಾಳೆ, ಜೀವ ಇರುವವರೆಗೂ ತಿಥಿ ಕಾರ್ಡಿನ ಅಕ್ಷರ ಜೋಡಿಸುತ್ತಾಳೆ. ನಾಲಿಗೆಯ ತುದಿಯ ಪದ ಹುಡುಕಿದೆ, ಇರಲಿಲ್ಲ. ನನ್ನ ಬಾಯಿಂದ ಬಂದದ್ದು, ಯಾಕ್ ನಿಂತ್ಕಂಡ್ರಿ, ನಡುವ್ಕೆ ಬುಟ್ರೆ ಎಂಗೆ, ಮೊದ್ಲಿಂದ ಇಡೀರಪ್ಪಾ. ಬಸವೇಶ ದೊಡ್ಡವ್ವಾ ಅಂದವನು ತಂತಿ ಬಿಗಿಮಾಡುವ ನೆಪದಲ್ಲಿ ಮುಖ ತಿರುಗಿಸಿದ. ಸಿಂಧುವಿನ ತುಟಿ ಅಲುಗಿತು, ಅದನ್ನು ಓದಲು ನನಗೆ ಫ್ಯಾನು ಆರಿಸಬೇಕಿಲ್ಲ, ಅವ್ವಾ ಅಂದಳು.

ಮೊದಲಿನಿಂದ ಹಿಡಿದರು, ಈ ಸಲ ನಾನು ಲೆಕ್ಕ ಹಾಕಲಿಲ್ಲ, ನದಿಗೆ ಇಳಿದವರು ನೀರು ಅಳೆಯುವುದಿಲ್ಲ, ಹತ್ತಿಯುಂಡೆ ಎಲ್ಲಿ ಬಿತ್ತೋ, ಮಣಿಕಂಠನ ಕಾಲು ಆ ತಪ್ಪಿದ ಜಾಗ ದಾಟಿತು, ದಾಟಿತು, ಎಲ್ಲರೂ ಒಟ್ಟಿಗೆ ಒಂದು ಅಂಚಿಗೆ ಹೋಗಿ ನಿಂತು, ಉಸಿರಿಲ್ಲ, ಮತ್ತೆ ಒಟ್ಟಿಗೆ ಬಿದ್ದರು, ಅಲ್ಲಿ ಪದಗಳು ಕೇಳತೊಡಗಿದವು, ಕನ್ನಡ, ಅವಳೇ ಬರೆದದ್ದು, ಕುಯ್ದ ಮೇಲೂ ಇದ್ದೇನೆ, ಕುಯ್ದ ಮೇಲೂ ಇದ್ದೇನೆ, ಆರು ವರ್ಷ ಕಿವಿಯಿಟ್ಟು ಹುಡುಕಿದವಳಿಗೆ ಆ ದನಿ ಇಡೀ ಮನೆಯೇ ನಡುಗುವಷ್ಟು ದೊಡ್ಡದಾಗಿ ಬಂದಿದೆ, ಆ ಮೇಲಿನ ಷಡ್ಜ ಇದರ ಮುಂದೆ ಸಣ್ಣ ದೀಪ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇಷ್ಟು ದೊಡ್ಡದೇ, ನನಗೆ ಹೆದರಿಕೆಯಾಗುತ್ತಿದೆ, ಗುಡಿಯಲ್ಲಿ ಆಗುವಂಥ ಹೆದರಿಕೆ, ಮತ್ತೆ ಮುಚ್ಚಿಕೊಂಡಿದ್ದ ಕಣ್ಣು ತೆರೆದೆ, ಗಂಟಲಿನ ನರ ಉಬ್ಬಿರುತ್ತದೆ, ಮುಖ ಕಿವುಚಿರುತ್ತದೆ ಅಂದುಕೊಂಡಿದ್ದೆ, ಇಲ್ಲ, ಕತ್ತು ಸಡಿಲ, ಭುಜ ಸಡಿಲ, ಬಲಗೈಯಲ್ಲಿ ಮೈಕು, ಎಡ ಅಂಗೈ ಹೊಟ್ಟೆಯ ಮೇಲೆ, ಹೊಕ್ಕುಳಿನ ಮೇಲೆ ಅಗಲವಾಗಿ — ಅದು ನಾನು ಇಟ್ಟ ಕೈ, ಲಂಗ ತೊಟ್ಟ ಪುಟ್ಟವಳ ಅಂಗೈ ಹಿಡಿದು ಮೊದಲು ನನ್ನ ಹೊಟ್ಟೆಯ ಮೇಲೆ, ಆಮೇಲೆ ಅವಳದರ ಮೇಲೆ, ಉಸ್ರು ಇಲ್ಲಿಂದ ತಕ್ಕಬೇಕು ಮಗ, ಗಂಟ್ಲಿಗೆ ಬಾರ ಆಕ್ಬಾರ್ದು, ಯಾವ ಡಾಕ್ಟರಿಗೂ ಅದು ಸಿಗಲಿಲ್ಲ, ಯಾವ ಕತ್ತರಿಯೂ ಅಲ್ಲಿಗೆ ಇಳಿಯಲಿಲ್ಲ, ಮಣಿಕಂಠನ ಕಾಲು ಎಷ್ಟು ಓಡಿದರೂ, ತಾಳ ಎಲ್ಲೆಲ್ಲಿ ಮುರಿದರೂ, ಆ ಅಂಗೈಗೆ ಅವಸರವಿಲ್ಲ, ಹೊಟ್ಟೆ ಉಬ್ಬುತ್ತದೆ, ಅಂಗೈ ಏಳುತ್ತದೆ, ದನಿ ಹೋಗುತ್ತದೆ, ಅಂಗೈ ಇಳಿಯುತ್ತದೆ, ಮತ್ತೆ ಏಳುತ್ತದೆ, ಬೆರಳು ಅಗಲ, ಆ ಅಂಗೈ, ಇಳಿಯುತ್ತದೆ, ಏಳುತ್ತದೆ, ಆ ಅಂಗೈ